ಒದ್ದೆ ಮೆಟ್ಟಿಲಿನ ಕತೆ

ಶಾಲೆಯ ಒದ್ದೆ ಮೆಟ್ಟಿಲ ಮೇಲೆ ಐದನೇ ತರಗತಿಯ ಹುಡುಗಿ ಜಾರಿ ಕೈ ಮುರಿದುಕೊಂಡಳು. ಮಾರನೇ ದಿನ ಆಯಾಳನ್ನು ಕೆಲಸದಿಂದ ತೆಗೆದರು.

ಮೂರನೇ ದಿನ ಹೆಡ್‌ಮಾಸ್ತರು ಕತೆ ಟೀಚರನ್ನು ಕರೆಸಿದರು. ಒಂದು ಘಟನೆ ಇನ್ನೊಂದಕ್ಕೆ ಹೇಗೆ ಕೊಂಡಿ ಹಾಕಿಕೊಂಡಿರುತ್ತದೆಂದು ಮಕ್ಕಳಿಗೆ ಕತೆಯಲ್ಲಿ ಕಲಿಸಿ ಎಂದು ಆಕೆಯನ್ನು ತರಬೇತಿಗೆ ಅಟ್ಟಿದವರೂ ಇವರೇ.

“ಒಂದು ಸೋಮಾರಿ ಆಯಾ ಕತೆ ಹೇಳ್ಬಿಡಮ್ಮ. ನಾಳೆ ಪೋಷಕರ ಸಭೇಲಿ ಮಕ್ಕಳೇ ಹೇಳ್ಲಿ.”

“ಆಯಮ್ಮ ಸೋಮಾರಿ ಅಲ್ಲ ಸಾರ್.”

“ಕತೆ ತಾನೇ? ಕತೆಗೆ ಕಾಲಿಲ್ಲ.”

ಇವರ ಹತ್ತಿರ ವಾದಿಸುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಹೇಳಿ ಕೈ ತೊಳೆದುಕೊಂಡರಾಯಿತೆಂದು ಆಕೆ ತರಗತಿಗೆ ಬಂದು ನೂಲಿನುಂಡೆ ತೆಗೆದಳು. ‘ಯಾಕೆ’ಗೆ ಉತ್ತರ ಕೊಟ್ಟವರು ಎಳೆ ಹಿಡಿದು ಉಂಡೆಯನ್ನು ಮುಂದೆ ದಾಟಿಸಬೇಕು, ಅದು ಅಲ್ಲಿಯ ಆಟದ ನಿಯಮ.

“ಒಬ್ಬಳು ಸೋಮಾರಿ ಆಯಾ ಇದ್ಲಂತೆ. ಮೆಟ್ಟಿಲು ಒರೆಸ್ಲಿಲ್ವಂತೆ.”

“ಒರೆಸ್ತಾನೇ ಇದ್ರು! ಮತ್ತೆ ಒದ್ದೆ ಆಗ್ತಿತ್ತು,” ಎಂದಿತು ಮುಂದಿನ ಬೆಂಚು.

“ಯಾಕೆ?”

“ಮೇಲಿನ ಟ್ಯಾಂಕ್ ತುಂಬಿ ಹರೀತಿತ್ತು.”

“ಯಾಕೆ?”

“ದೆವ್ವ ಟೀಚರ್!”

“ನಿನ್ನ ತಲೆ! ಕೂತ್ಕೊ.”

“ತುಂಬಿದ್ಮೇಲೆ ನೀರು ನಿಲ್ಸೋ ಬಾಲ್ ಕೆಟ್ಟಿತ್ತು,” ಗುಮಾಸ್ತರ ಮಗಳು ಉಂಡೆ ಕಿತ್ತುಕೊಂಡಳು. “ಆಯಮ್ಮ ನಮ್ಮಪ್ಪಂಗೆ ಮೂರು ಸಲ ಹೇಳಿದ್ರು. ಅಪ್ಪ ಹೆಡ್‌ಸಾರ್‌ಗೆ ಬರ್ಕೊಟ್ರು. ಗೇಟಿಗೆ ಬಣ್ಣ ಹೊಡೆಸಿದ್ಮೇಲೆ ನೋಡೋಣ ಅಂದ್ರಂತೆ.”

“ಸಾಕು, ಸಾಕು!” ಟೀಚರಿಗೆ ತಲೆ ಸಿಡಿಯಿತು. ಕಲಿಸುವಾಗ ಇದ್ದ ಹುಮ್ಮಸ್ಸು, ಮಕ್ಕಳು ಕಲಿತು ತೋರಿಸಿದಾಗ ಎಲ್ಲಿ ಹೋಯಿತೋ.

ಗುಮಾಸ್ತರ ಮಗಳು ಬಿಡಲಿಲ್ಲ. ಉಂಡೆಯನ್ನು ಟೀಚರ ಕೈಗೇ ತುರುಕಿದಳು. “ನೀವೂ ದಿನಾ ಆ ನೀರು ದಾಟ್ಕೊಂಡೇ ಬರ್ತಿದ್ರಲ್ಲ ಟೀಚರ್. ಯಾರಿಗೂ ಹೇಳ್ಲಿಲ್ಲ. ಯಾಕೆ?”

ಎಲ್ಲರೂ ಎಳೆ ಬಿಗಿಹಿಡಿದು ಕಾಯುತ್ತಿದ್ದರು.

“ನನ್ನ ಕೆಲ್ಸ ಅಲ್ಲ ಅಂದ್ಕೊಂಡೆ ಕಣೇ,” ಎಂದಳು ಆಕೆ ಕೊನೆಗೆ.

ಬಾಗಿಲಲ್ಲಿ ಕೆಮ್ಮು. ಹೆಡ್‌ಮಾಸ್ತರು ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖ ಕಾದ ಹೆಂಚಾಗಿತ್ತು.

“ಆಟ ಆಡಿದ್ದು ಸಾಕು. ‘ತಪ್ಪು ಆಯಾದು’ ಅಂತ ಬೋರ್ಡ್ ಮೇಲೆ ಬರೀರಿ. ಮಕ್ಕಳು ಬರ್ಕೊಂಡು ಬಾಯಿಪಾಠ ಮಾಡ್ಲಿ.”

“ಬರಿಯಲ್ಲ ಸಾರ್.”

“ಏನಂದ್ರಿ?”

“ಬರಿಯಲ್ಲ ಅಂದೆ. ನಾಳೆ ಸಭೇಲೂ ಹೇಳಿಸಲ್ಲ.”