ಅಮೃತಾ ಕೂಡುವುದು ಕಲಿತ ದಿನ

"ಕಾಲು ಗಟ್ಟಿ ಹಿಡಿ. ಒದ್ದಳಂದ್ರ ಬರೆ ಸೊಟ್ಟ ಬೀಳ್ತೈತಿ," ಅಂದಳು ಅವ್ವ ನಾಗಲಿಂಗಮ್ಮ.

ಗುರುಬಸವರಾಜ ಒಂಬತ್ತು ತಿಂಗಳ ಮಗಳ ಎರಡೂ ಕಾಲು ಹಿಡಿದುಕೊಂಡು ಅಡುಗೆಮನೆಯ ನೆಲದಲ್ಲಿ ಕೂತಿದ್ದ. ಗ್ಯಾಸಿನ ಒಲೆಯ ಮೇಲೆ ದಬ್ಬಣ ಕಾಯುತ್ತಿತ್ತು. ಅದು ಅವನ ಅಂಗಡಿಯದೇ, ಮೆಕ್ಕೆಜೋಳದ ಚೀಲ ಹೊಲಿಯುವ ದಬ್ಬಣ. ಬೆಳಿಗ್ಗೆ ಅವ್ವ ಕೇಳಿದಾಗ ತಾನೇ ತಂದುಕೊಟ್ಟಿದ್ದ. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತೆಲಿಗಿ ಊರಿನ ವ್ಯಾಪಾರಸ್ಥರಿಗೆಲ್ಲ ಮಾತಲ್ಲೇ ಬೆವರಿಳಿಸುವ ಈ ಗಂಡಸಿಗೆ ಅವ್ವನ ಮುಂದೆ ನಾಲಗೆ ಏಳುತ್ತಿರಲಿಲ್ಲ.

ಹದಿನೈದು ದಿನದಿಂದ ಅಮೃತಾ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಎದ್ದು, ತೊಟ್ಟಿಲ ಪಟ್ಟಿ ಹಿಡಿದು ನಿಂತು, ಕಿಟಾರನೆ ಕಿರುಚುತ್ತಿದ್ದಳು. ಆಸ್ಪತ್ರೆಯ ನರ್ಸಮ್ಮ ನಕ್ಕಿದ್ದಳು. "ನಿಲ್ಲೋದು ಕಲ್ತಾಳ್ರಿ, ಕೂಡೋದು ಕಲ್ತಿಲ್ಲ. ಹಗಲೊತ್ತು ಕೂಡೋ ಆಟ ಆಡಿಸ್ರಿ. ಎದ್ದು ನಿಂತ್ರ ಎತ್ತಬ್ಯಾಡ್ರಿ, ಮೆಲ್ಲಕ ಮಲಗಿಸಿ ತಟ್ರಿ. ನಾಕು ದಿನ ತಾಳ್ಕೊಳ್ರಿ." ಹೆಂಡತಿ ಗಂಗಾಂಬಿಕಾ ಹಾಗೇ ಮಾಡುತ್ತಿದ್ದಳು. ನಾಗಲಿಂಗಮ್ಮನಿಗೆ ಅದೆಲ್ಲ ಹುಚ್ಚಾಟ. ಹಠದ ಕೂಸಿಗೆ ಹೊಟ್ಟೆಯ ಮೇಲೆ ನಾಲ್ಕು ಬರೆ, ಅಷ್ಟೇ ಅವಳ ಮದ್ದು. ಇವತ್ತು ಮಧ್ಯಾಹ್ನ ಸೊಸೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದದ್ದೇ ತಡ, ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದಳು.

"ನಿನಗೂ ಹಾಕಿದ್ನಿ. ಎಂಟು ದಿನ ಅಳಲಿಲ್ಲ, ನಗಲಿಲ್ಲ, ಕಲ್ಲಿನಂಗ ಬಿದ್ಕೊಂಡಿದ್ದಿ," ಅಂದಳು ಅವ್ವ, ಹೆಮ್ಮೆಯಿಂದ.

ಅವನ ಹೊಟ್ಟೆಯ ಮೇಲಿನ ಆ ನಾಲ್ಕು ಗೆರೆಗಳು ಅವನ ಜೊತೆಗೇ ಬೆಳೆದು ಈಗ ಬೆರಳುದ್ದ ಆಗಿದ್ದವು. ನಗಲಿಲ್ಲ ಅನ್ನುವುದನ್ನು ಮಾತ್ರ ಅವನು ಇವತ್ತೇ ಮೊದಲು ಕೇಳಿದ್ದು. ಕಾಲು ಬಿಗಿದದ್ದಕ್ಕೆ ಚೀರುತ್ತಿದ್ದ ಮಗಳ ಮುಖ ನೋಡಿದ.

ಹಿತ್ತಲ ಬಾಗಿಲು ದಡಾರನೆ ಅದುರಿತು. "ಬಾಗ್ಲಾ ತಗೀರಿ! ನನ್ನ ಕೂಸು ಯಾಕ ಚೀರ್ತೈತಿ?" ಆಮೇಲೆ ಸೌದೆ ಒಡೆಯುವ ಕೊಡಲಿ ಹಲಗೆಗೆ ಬಿತ್ತು.

ನಾಗಲಿಂಗಮ್ಮ ಅವಸರದಲ್ಲಿ ಇಕ್ಕಳದಿಂದ ದಬ್ಬಣ ಎತ್ತಿದಳು. ತುದಿ ಕೆಂಪಗಿತ್ತು. "ಹಿಡಿಯೋ ಲೇ!" ಅಂತ ಅಬ್ಬರಿಸಿ ಮಗುವಿನ ಮೇಲೆ ಬಗ್ಗಿದಳು.

ಗುರುಬಸವರಾಜ ಕಾಲು ಬಿಟ್ಟ. ಬಿಟ್ಟ ಕೈಯನ್ನೇ ಅಡ್ಡ ಕೊಟ್ಟ. ಅಂಗೈ ಚುರ್ರೆಂದು ಚರ್ಮ ಸುಟ್ಟ ವಾಸನೆ ಎದ್ದಿತು. ಎತ್ತಿನಂತೆ ಕೂಗಿ ಅವ್ವನನ್ನು ನೂಕಿದ. ಅವಳು ಪಾತ್ರೆಗಳ ಮೇಲೆ ಬಿದ್ದಳು, ಹುಬ್ಬು ಒಡೆದು ರಕ್ತ ಸುರಿಯಿತು. ಅಷ್ಟರಲ್ಲಿ ಬಾಗಿಲು ಸೀಳಿಕೊಂಡು ಬಂದ ಗಂಗಾಂಬಿಕಾ ಏನನ್ನೂ ಕೇಳಲಿಲ್ಲ. ಕೊಡಲಿಯನ್ನು ತಿರುಗಿಸಿ ಹಿಡಿಯುವಷ್ಟು ಬುದ್ಧಿ ಮಾತ್ರ ಅವಳಲ್ಲಿ ಉಳಿದಿತ್ತು. ಅದರ ಮರದ ಕಾವು ಗಂಡನ ಭುಜಕ್ಕೆ ಬಿತ್ತು, ಬೆನ್ನಿಗೆ ಬಿತ್ತು, ಮತ್ತೆ ಬಿತ್ತು. ಅವನು ತಡೆಯಲಿಲ್ಲ.

"ಮುಟ್ಟಿಲ್ಲ, ಕೂಸಿಗೆ ಮುಟ್ಟಿಲ್ಲ," ಅಂತ ಸುಟ್ಟ ಅಂಗೈ ತೋರಿಸಿದ.

ಮಗುವಿನ ಕಣಕಾಲುಗಳ ಮೇಲೆ ಐದೈದು ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಅದನ್ನೇ ನೋಡುತ್ತ, "ಕಾಲು ಹಿಡಿದಾಂವ ಯಾರು?" ಅಂದಳು ಗಂಗಾಂಬಿಕಾ.

ಅವನು ತಲೆ ತಗ್ಗಿಸಿದ. ಅಮೃತಾ ತೆವಳಿಕೊಂಡು ಬಂದು ಅವನ ಅಂಗಿಯನ್ನೇ ಹಿಡಿದು ಎದ್ದು ನಿಂತಳು. ನಿಂತು, ಇಳಿಯಲು ಬಾರದೆ ಬಿಕ್ಕಿದಳು. ಅವನಿಗೆ ಆಗಲೇ ಅಳು ಬಂದದ್ದು. ಸುಟ್ಟಿರದ ಕೈಯಿಂದ ಅವಳ ಮೊಣಕಾಲನ್ನು ಮೆಲ್ಲಗೆ ಮಡಚಿದ. "ಕೂಡವ್ವ. ಹಿಂಗ." ಅವಳು ಮತ್ತೆ ಎದ್ದಳು, ಅವನು ಮತ್ತೆ ಕೂರಿಸಿದ. ಏಳನೆಯ ಸಲ ತಾನಾಗೇ ದೊಪ್ಪನೆ ಕೂತು ಎಲ್ಲರ ಮುಖ ನೋಡಿ ನಕ್ಕಳು. ಸ್ವಲ್ಪ ಹೊತ್ತಿಗೆ ಅವನ ತೊಡೆಯ ಮೇಲೇ ನಿದ್ದೆ ಹೋದಳು.

"ಮಕ್ಕೊಂಡ್ಳೇನೋ?" ಅಂದಳು ನಾಗಲಿಂಗಮ್ಮ, ಹುಬ್ಬಿಗೆ ಸೆರಗು ಒತ್ತಿಕೊಂಡು.

ತೊಟ್ಟಿಲಿಗೆ ಹಾಕೋಣವೆಂದು ಗುರುಬಸವರಾಜ ಮಗುವಿನ ಕೆಳಗೆ ಕೈ ತೂರಿಸಿದ.

"ಮುಟ್ಟಬ್ಯಾಡ," ಅಂದಳು ಗಂಗಾಂಬಿಕಾ. ಬಗ್ಗಿ ಮಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ಕೊಡಲಿ ಹಾಗೇ ಇತ್ತು.