ಮಿಗ್ವಾನ್ಸನ ಪಾಲಿನ ತಟ್ಟೆ

ವರ್ನಾಗೆ ಸಾಕುಸಾಕಾಗಿ ಹೋಗಿತ್ತು. ಅವಳ ಅಪ್ಪನ ಪ್ರತಿಮೆ ನಿಲ್ಲಿಸುತ್ತೇವೆ ಎಂದು ಪಟ್ಟಣದವರು ಬಂದು ಹೇಳಿದ ದಿನದಿಂದ ಸಭೆಯ ಮೇಲೆ ಸಭೆ, ಕಾಫಿಯ ಮೇಲೆ ಕಾಫಿ. ಅವಳು ಕೇಳಿದ್ದು ಎರಡೇ ಎರಡು ಸಾಲು. ಯುದ್ಧ ಗೆದ್ದು ಬಂದ ಆಗಸ್ಟಿನ್ ಮಿಗ್ವಾನ್ಸನನ್ನು, ಒಜಿಬ್ವೆ ಬುಡಕಟ್ಟಿನವನು ಎಂಬ ಕಾರಣಕ್ಕೆ, ಈ ಊರಿನ ಯೋಧರ ಕ್ಲಬ್ಬು ಒಳಗೆ ಬಿಡಲಿಲ್ಲ. ಆಮೇಲೆ ಅವನು ಸಾಯುವ ತನಕ ತನ್ನ ಜನರ ಹಕ್ಕಿಗಾಗಿ ಹೋರಾಡಿದ. ಇಷ್ಟನ್ನು ಪ್ರತಿಮೆಯ ಕೆಳಗಿನ ಕಲ್ಲಿನಲ್ಲಿ ಕೆತ್ತಿಸಿ ಎಂದಿದ್ದಳು.

"ಕಲ್ಲಲ್ಲಿ ಜಾಗ ಇಲ್ಲ, ವರ್ನಾ ಅವ್ರೇ," ಎಂದಿದ್ದ ಕ್ಲಬ್ಬಿನ ಅಧ್ಯಕ್ಷ ಮರ್ವಿನ್ ಟಕರ್.

"ಪ್ರತಿಮೆ ಕೈಲಿ ಬಂದೂಕಿಗೆ ಜಾಗ ಇತ್ತಲ್ಲಪ್ಪ?"

"ಬಂದೂಕು ಕಂಚಿಂದು. ಇದು ಕಲ್ಲು. ಅದರ ಬಜೆಟ್ಟೇ ಬೇರೆ."

ಮರ್ವಿನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ನಗುನಗುತ್ತಲೇ ಬೆಣ್ಣೆಯಂಥ ಮಾತಾಡಿ, ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿ, ಕೊನೆಗೆ ಇಲ್ಲ ಎನ್ನುವ ಜಾತಿ ಅವನದು. ಕೋಣನ ಮುಂದೆ ಎಷ್ಟು ದಿನ ಅಂತ ಕಿನ್ನರಿ ಬಾರಿಸುವುದು?

ಯುದ್ಧದ ಮಾತನ್ನು ಅಪ್ಪ ಮನೆಯಲ್ಲಿ ಎತ್ತಿದ್ದೇ ಇಲ್ಲ. ಅವನ ಬಾಯಲ್ಲಿ ಬರುತ್ತಿದ್ದುದು ಸರೋವರದ ಕೊಲ್ಲಿಯಲ್ಲಿ ಸರ್ಕಾರ ಕಿತ್ತುಕೊಂಡ ದ್ವೀಪಗಳು, ಮನೆಯವರಿಂದ ಬಿಡಿಸಿ ಸರ್ಕಾರಿ ವಸತಿಶಾಲೆಗೆ ಎಳೆದೊಯ್ದ ಮಕ್ಕಳು, ಬಿಳಿಯ ಸೈನಿಕರಿಗೆ ಸಿಕ್ಕಿ ತಮ್ಮವರಿಗೆ ಸಿಗದ ಜಮೀನು. ಯಾರ ಅಹವಾಲಿದ್ದರೂ ಹೊತ್ತುಕೊಂಡು ರಾಜಧಾನಿ ಒಟ್ಟಾವಾದ ರೈಲು ಹತ್ತುತ್ತಿದ್ದ. ಇತ್ತ ಮನೆಯಲ್ಲಿ ಕಟ್ಟಿಗೆ ಒಡೆಯುವವರಿಲ್ಲದೆ ಅಮ್ಮ ತಾನೇ ಕೊಡಲಿ ಹಿಡಿದು, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಗೊಣಗುತ್ತಿದ್ದಳು. ಆ ಗೊಣಗಾಟದಲ್ಲೇ ವರ್ನಾ ಬೆಳೆದದ್ದು. ಅಪ್ಪನ ಬಗ್ಗೆ ಅವಳಿಗೂ ಸಿಟ್ಟಿತ್ತು, ಆದರೆ ಅದು ಮನೆಯವರ ಸಿಟ್ಟು. ಪಟ್ಟಣದವರು ಅವನ ಅರ್ಧ ಬದುಕನ್ನು ಕತ್ತರಿಸಿ ಎಸೆದರೆ ಸುಮ್ಮನಿರಲು ಅವಳಿಂದಾಗದು.

ನವೆಂಬರ್ ಹನ್ನೊಂದು ಬಂತು, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಸರೋವರದ ಗಾಳಿ ಕಿವಿ ಕೊಯ್ಯುತ್ತಿತ್ತು. ಪ್ರತಿಮೆಗೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಕಂಡದ್ದು ಬಂದೂಕು ಹಿಡಿದು ಮಂಡಿಯೂರಿದ ಒಬ್ಬ ಕಂಚಿನ ಹುಡುಗ.

"ಅಕ್ಕಾ, ಇದು ದೊಡ್ಡಪ್ಪನ ಮೂಗಲ್ಲ," ಎಂದು ಪಿಸುಗುಟ್ಟಿದಳು ಚಿಕ್ಕಪ್ಪನ ಮಗಳು ರೋಸೆಲ್ಲಾ. "ಮೇಯರ್ ಮೂಗು. ದುಡ್ಡು ಉಳಿಸೋಕೆ ಅವರನ್ನೇ ಕೂರಿಸಿ ಅಚ್ಚು ತೆಗೆದಿರ್ಬೇಕು."

"ಸುಮ್ನಿರೇ. ನಗು ಬಂದ್ರೆ ನನ್ನ ಸಿಟ್ಟು ಹಾಳಾಗುತ್ತೆ."

ಭಾಷಣಗಳಾದವು. ಎಲ್ಲ ಭಾಷಣಗಳಲ್ಲೂ ಅಪ್ಪ ಶತ್ರುಗಳನ್ನು ಹಿಡಿದ, ಪದಕ ಪಡೆದ, ಹಡಗು ಹತ್ತಿ ಬಂದ. ಹಡಗಿನಿಂದ ಇಳಿದ ಮೇಲೆ ಏನಾದ ಎಂದು ಒಬ್ಬರೂ ಹೇಳಲಿಲ್ಲ. ಹಡಗಿನಲ್ಲೇ ಸತ್ತನೋ ಎಂಬಂತಿತ್ತು.

ಊಟ ಅದೇ ಕ್ಲಬ್ಬಿನ ಸಭಾಂಗಣದಲ್ಲಿ. ನಿಮ್ಮ ಪದ್ಧತಿಯ ಪ್ರಕಾರವೇ ಔತಣ ಆಗಲಿ ಎಂದು ಮರ್ವಿನ್ ಹಿಂದಿನ ವಾರವೇ ಬಂದು ಹೇಳಿಹೋಗಿದ್ದ. ವರ್ನಾಳ ಕಡೆಯ ಹೆಂಗಸರು ಬೆಳಗಿನಿಂದ ಬೇಯಿಸಿದ್ದರು: ಮೂಸ್ ಎಂಬ ದೊಡ್ಡ ಜಿಂಕೆಯ ಮಾಂಸ, ಸರೋವರದ ಮೀನು, ಕಾಡಕ್ಕಿ, ಜೋಳದ ಸೂಪು, ಎಣ್ಣೆಯಲ್ಲಿ ಕರಿದ ರೊಟ್ಟಿ. ಪದ್ಧತಿ ಎಂದರೆ ಮೊದಲ ತಟ್ಟೆ ಸತ್ತವರದು. ಔತಣ ಕೊಡುವ ಮನೆಯವರು ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಆ ತಟ್ಟೆ ನೆಲ ಮುಟ್ಟುವ ತನಕ ಯಾರೂ ಚಮಚ ಎತ್ತುವಂತಿಲ್ಲ.

ತಟ್ಟೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿಕೊಂಡು ವರ್ನಾ ಹೊರಗೆ ಹೊರಟಳು. ಅಂಗಳದ ಮರದ ಬುಡದಲ್ಲಿ ತಾನೇ ಕರೆದು ಇಟ್ಟು ಬರುವುದು ಎಂದುಕೊಂಡಿದ್ದಳು. ಮುಂಬಾಗಿಲಿನ ಮೆಟ್ಟಿಲಿಗೆ ಬರುತ್ತಲೇ ಕಾಲು ಮುಂದೆ ಹೋಗಲಿಲ್ಲ. ಅಪ್ಪ ನಿಲ್ಲುತ್ತಿದ್ದುದು ಇಲ್ಲೇ. ಪ್ರತಿ ವರ್ಷ ಮೆರವಣಿಗೆ ಮುಗಿದ ಮೇಲೆ ಜೊತೆಯ ಸೈನಿಕರೆಲ್ಲ ಒಳಗೆ ಹೋಗುತ್ತಿದ್ದರು. ಅವನು ಎದೆಯ ಮೇಲೆ ಪದಕ, ಕಂಕುಳಲ್ಲಿ ಟೋಪಿ ಇಟ್ಟುಕೊಂಡು ಇಲ್ಲೇ ನಿಲ್ಲುತ್ತಿದ್ದ. ಯಾರಾದರೂ ಕರುಣೆಯಿಂದ ತಂದುಕೊಟ್ಟ ಸೂಪನ್ನು ನಿಂತೇ ಕುಡಿಯುತ್ತಿದ್ದ. ಅವನ ಕೋಟಿನ ತುದಿ ಹಿಡಿದುಕೊಂಡು, ಯಾಕಪ್ಪಾ ನಾವು ಒಳಗೆ ಹೋಗಲ್ಲ ಎಂದು ಪುಟ್ಟ ವರ್ನಾ ಕೇಳುತ್ತಿದ್ದಳು. ಅವನು ಉಳಿದ ಸೂಪನ್ನು ಅವಳ ಕೈಗೆ ಕೊಡುತ್ತಿದ್ದ.

ವರ್ನಾ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಒಳಗೆ ಜನ ಕಾದರು, ಕೆಮ್ಮಿದರು, ಗಡಿಯಾರ ನೋಡಿದರು. ಕೊನೆಗೆ ಮರ್ವಿನ್ ಹೊರಗೆ ಬಂದ. ಅವನ ಹಿಂದೆಯೇ ರೋಸೆಲ್ಲಾ.

"ವರ್ನಾ ಅವ್ರೇ, ಸೂಪ್ ಆರ್ತಾ ಇದೆ. ಮೇಯರ್‌ಗೆ ಬೇರೆ ಕಾರ್ಯಕ್ರಮ ಇದೆಯಂತೆ. ತಟ್ಟೆ ಇಟ್ಬಿಡಿ."

"ಇಡೋಕೆ ಮುಂಚೆ ಕರೀಬೇಕು. ಮನೆಯವರು ಕರೀಬೇಕು. ಇದು ಯಾರ ಮನೆ?"

"ಕ್ಲಬ್ಬಿಂದು."

"ಕ್ಲಬ್ಬಿಗೆ ಯಜಮಾನ ಯಾರು?"

"ನಾನೇ. ಯಾಕೆ?"

"ಹಂಗಾದ್ರೆ ಕರಿಯಪ್ಪ. ನಮ್ಮಪ್ಪ ಇಲ್ಲೇ ನಿಂತಿದ್ದಾನೆ."

ಮರ್ವಿನ್ ನಗಲು ನೋಡಿದ. ರೋಸೆಲ್ಲಾ ನಗುತ್ತಿರಲಿಲ್ಲ. ಎಂದೂ ನಗದೆ ಇದ್ದವಳಲ್ಲ ಅವಳು. ಮರ್ವಿನ್ ಧ್ವನಿ ಇಳಿಸಿದ.

"ನೋಡಿ, ನಿಮ್ಮವರನ್ನ ಒಳಗೆ ಬಿಡಬಾರದು ಅನ್ನೋ ಆ ನಿಯಮ ತೆಗೆದು ಎಷ್ಟೋ ವರ್ಷ ಆಯ್ತು. ನಾನಾಗ ಇನ್ನೂ ಹುಟ್ಟೇ ಇರ್ಲಿಲ್ಲ. ಅದಾದ್ಮೇಲೆ ಅವರು ಯಾವಾಗ ಬೇಕಾದ್ರೂ ಬರಬಹುದಿತ್ತು."

"ನಿಯಮ ತೆಗೆದ್ರಿ. ಕರೆದ್ರಾ?"

ಮರ್ವಿನ್ ಒಳಗೆ ತಿರುಗಿ ನೋಡಿದ. ಬಾಗಿಲ ತುಂಬ ಜನ, ಹಸಿದ ಮುಖಗಳು, ಮೇಯರ್ ಕೂಡ. ಯಾರೂ ಅವನ ನೆರವಿಗೆ ಬರಲಿಲ್ಲ. ಟೈ ಸರಿಮಾಡಿಕೊಂಡು ಖಾಲಿ ಮೆಟ್ಟಿಲಿಗೆ ಹೇಳಿದ, "ಮಿಗ್ವಾನ್ಸ್ ಅವರೇ, ಬನ್ನಿ."

"ಜೋರಾಗಿ ಕರಿ. ಅವನಿಗೆ ಒಂದು ಕಿವಿ ಕೇಳಿಸ್ತಿರ್ಲಿಲ್ಲ. ನಿಮ್ಮ ಫಿರಂಗಿ ಸದ್ದಿಗೇ ಹೋಗಿದ್ದು."

ಮರ್ವಿನ್‌ನ ಕಿವಿ ಕೆಂಪಗಾಯಿತು. ಸಿಟ್ಟಿಗೋ ನಾಚಿಕೆಗೋ ವರ್ನಾಗೆ ತಿಳಿಯಲಿಲ್ಲ. ಅವನು ಒಂದು ಮೆಟ್ಟಿಲು ಕೆಳಗಿಳಿದ.

"ಆಗಸ್ಟಿನ್ ಮಿಗ್ವಾನ್ಸ್ ಅವರೇ!" ಎದುರಿನ ಅಂಗಡಿಯವರು ತಿರುಗಿ ನೋಡಿದರು. "ನಿಮ್ಮನ್ನ ಇಲ್ಲೇ ಹೊರಗೆ ನಿಲ್ಲಿಸಿದ್ವಿ. ಒಳಗೆ ಬನ್ನಿ. ಊಟಕ್ಕೆ ಬನ್ನಿ."

ಕೊನೆಯ ಮಾತುಗಳನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೂ ಬೈಯಬೇಕೆಂದಿದ್ದ ವರ್ನಾ ಅದನ್ನು ಬಿಟ್ಟು, ತೊಡೆಯ ಮೇಲಿನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ರೋಸೆಲ್ಲಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ತಟ್ಟೆ ಮರದ ಬುಡಕ್ಕಾ, ಅಕ್ಕಾ?"

"ಬೇಡ. ಒಳಗೆ," ಎಂದಳು ವರ್ನಾ. "ಬಾಗಿಲು ಹಿಡ್ಕೋ, ಮರ್ವಿನ್."

ಮರ್ವಿನ್ ಬಾಗಿಲು ಹಿಡಿದುಕೊಂಡ. ವರ್ನಾ ಒಳಗೆ ಹೋದಳು, ರೋಸೆಲ್ಲಾ ಹೋದಳು. ಆಮೇಲೆ ಇನ್ನೊಬ್ಬರು ದಾಟಿ ಹೋಗುವಷ್ಟು ಹೊತ್ತು ಅವನು ಬಾಗಿಲು ಬಿಡದೆ ಹಾಗೇ ನಿಂತಿದ್ದ.