ಎರವಲು ಮೂಗು

ಸೊಸೆಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಏಳು ತಿಂಗಳ ಹಿಂದೆ ಒಂಬತ್ತು ದಿನ ಕಾಡಿದ ಜ್ವರ ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗಿತ್ತು. ಬೇರೆ ಯಾರಿಗಾದರೂ ಆಗಿದ್ದರೆ, ಚರಂಡಿ ಪಕ್ಕದ ಆ ಮನೆಯಲ್ಲಿ ಅದೊಂದು ವರವೇ. ಆದರೆ ಸೊಸೆ ಚಹಾ ಕಂಪನಿಯಲ್ಲಿ ರುಚಿ ನೋಡುವವಳು. ಹದಿಮೂರು ವರ್ಷದಿಂದ ಅವಳು ಹೀರಿ, ಉಗುಳಿ, ಚೀಟಿಗೆ ಸಹಿ ಹಾಕಿದ ಮೇಲೆಯೇ ಚೀಲಗಳು ಗೋದಾಮಿನಿಂದ ಮುಂದಕ್ಕೆ ಹೋಗುತ್ತಿದ್ದವು. ಮೂಗಿಲ್ಲದ ರುಚಿಗಾರ್ತಿ ಅಂದರೆ ಕಣ್ಣಿಲ್ಲದ ದರ್ಜಿ ಇದ್ದ ಹಾಗೆ.

ಈ ಗುಟ್ಟು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಗಂಡನಿಗೆ ಹೇಳಿರಲಿಲ್ಲ. ಅವನು ಲಾರಿ ಮೇಲೆ ಊರೂರು ಸುತ್ತುವವನು, ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಅತ್ತೆಗೂ ಯಾರೂ ಹೇಳಿರಲಿಲ್ಲ, ತಾವೇ ಪತ್ತೆ ಹಚ್ಚಿದ್ದರು. ಒಲೆ ಮೇಲಿನ ಅನ್ನ ತಳ ಹಿಡಿದ ವಾಸನೆ ಹೊರಗಿನ ಕೋಣೆಗೆ ಬಂದರೂ ಒಲೆಯ ಮುಂದೆಯೇ ನಿಂತಿದ್ದ ಸೊಸೆ ಆರಾಮವಾಗಿ ಹಾಡು ಗುನುಗುತ್ತಿದ್ದಳು. ಅತ್ತೆ ಬಂದು ಒಲೆ ಆರಿಸಿ, ಅವಳ ಮುಖ ನೋಡಿ, "ಎಷ್ಟು ದಿನದಿಂದ ಹೀಗೆ?" ಎಂದಿದ್ದರು.

ಅತ್ತೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಇದ್ದವರು. ಯಾವ ಹೊದಿಕೆ ಇನ್ನೊಂದು ಸಲ ನೀರು ಕಾಣಬೇಕು, ಯಾವುದು ಸಾಕು ಎಂದು ಮೂಸಿ ಹೇಳುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಲ್ಲಿ ಉಳಿದದ್ದು ಒಂದು ಗಡಿಯಾರ, ಎರಡು ಕೆಟ್ಟ ಮಂಡಿ, ಒಂದು ಒಳ್ಳೆಯ ಮೂಗು. ಆ ಮೂಗನ್ನು ಸೊಸೆಗೆ ಎರವಲು ಕೊಟ್ಟರು.

ಸೊಸೆ ಊಟದ ಡಬ್ಬಿಯಲ್ಲಿ ಸ್ಯಾಂಪಲ್ ಪೊಟ್ಟಣಗಳನ್ನು ಮನೆಗೆ ತರುವಳು. ಒಂದೊಂದನ್ನೂ ಕುದಿಸಿ ಅತ್ತೆಯ ಮುಂದಿಡುವಳು. "ಇದು ನೆನೆದ ಗೋಣಿ," ಎನ್ನುವರು ಅತ್ತೆ. "ಇದು ಚೊಕ್ಕ. ಇದು, ಛೀ, ನಮ್ಮ ಮೂರನೇ ವಾರ್ಡು." ಸೊಸೆ ಅದನ್ನೆಲ್ಲ ಕಚೇರಿಯ ಭಾಷೆಗೆ ತಿರುಗಿಸಿ ಚೀಟಿಯಲ್ಲಿ ಬರೆಯುವಳು. ಮನೆಗೆ ತರಲು ಸಮಯವಿಲ್ಲದ ಅವಸರದ ಮಾಲಿಗೆ ನಾಲಿಗೆಯೊಂದೇ ಗತಿ. ಲವಂಗ ನಾಲಿಗೆ ಮರಗಟ್ಟಿಸುತ್ತದೆ, ಮೆಣಸು ತುದಿಯಲ್ಲಿ ಚುಚ್ಚುತ್ತದೆ, ಶುಂಠಿ ಗಂಟಲಲ್ಲಿ ಉರಿಯುತ್ತದೆ, ಏಲಕ್ಕಿ ಉಸಿರೆಳೆದಾಗ ತಣ್ಣಗೆನಿಸುತ್ತದೆ. ಚಹಾದ ಒಗರು ಒಸಡಿಗೆ ಗೊತ್ತು. ಇದಕ್ಕೆಲ್ಲ ಮೂಗು ಬೇಡ. ಆದರೆ ಬೂಷ್ಟು, ಹೊಗೆ, ಎಣ್ಣೆ ತಾಗಿದ ಚೀಲ, ಇವು ನಾಲಿಗೆಗೆ ಸಿಗುವುದಿಲ್ಲ. ಅಲ್ಲಿ ಸೊಸೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದಳು.

ಹೀಗೇ ನಡೆಯುತ್ತಿರುವಾಗ ಒಂದು ಸಂಜೆ ಸೊಸೆ ಚಪ್ಪಲಿ ಬಿಡದೆಯೇ ಒಳಗೆ ಬಂದಳು.

"ಭಾನುವಾರ ಅವರು ಬರ್ತಾರಂತೆ ಅತ್ತೆ. ಮನೆಗೇ."

"ಯಾರು, ಉಗುಳು ಮೇಷ್ಟ್ರಾ?"

ಉಗುಳು ಮೇಷ್ಟ್ರು ಅಂದರೆ ರುಚಿ ವಿಭಾಗದ ಮುಖ್ಯಸ್ಥರು. ಸೇರಿದವರಿಗೆಲ್ಲ ಮೊದಲ ತಿಂಗಳು ನುಂಗದೆ ಉಗುಳುವುದನ್ನೇ ಕಲಿಸುತ್ತಿದ್ದರಿಂದ ಕಂಪನಿಯವರು ಆ ಹೆಸರಿಟ್ಟಿದ್ದರು. ಮುಂದಿನ ತಿಂಗಳು ಅವರ ನಿವೃತ್ತಿ. ಅವರ ಕುರ್ಚಿಗೆ ಸೊಸೆಯ ಹೆಸರು ಓಡಾಡುತ್ತಿತ್ತು.

ಕಂಪನಿಯಲ್ಲೊಂದು ಪದ್ಧತಿ ಇತ್ತು. ಬರೀ ಚಹಾ ಎಲೆಯನ್ನು ರುಚಿ ಕೋಣೆಯಲ್ಲಿ, ಬಿಳಿ ಪಿಂಗಾಣಿಯಲ್ಲಿ ನೆನೆಸಿ ನೋಡುತ್ತಾರೆ. ಮಸಾಲೆ ಬೆರೆಸಿದ ಕಪ್ಪು ಚಹಾಕ್ಕೆ ಅದು ಸಾಲದು. ಕೊಂಡವರು ಅದನ್ನು ನೆನೆಸುವುದಿಲ್ಲ, ಕುದಿಸುತ್ತಾರೆ. ಹಾಗಾಗಿ ಹೊಸ ಬೆರಕೆ ಅಂಗಡಿಗೆ ಹೋಗುವ ಮೊದಲು ಯಾರಾದರೊಬ್ಬ ರುಚಿಗಾರರ ಮನೆಯ ಒಲೆ, ಮನೆಯ ನೀರು, ಮನೆಯ ಪಾತ್ರೆಯಲ್ಲಿ ಕುದಿಯಬೇಕು. ಮುಖ್ಯಸ್ಥರು ಗುರುತಿಲ್ಲದ ಮೂರು ಪೊಟ್ಟಣ ತರುತ್ತಾರೆ. ಮನೆಯವರು ಕುದಿಸಿ, ಹೀರಿ, ಗುಣದೋಷ ಹೇಳಬೇಕು. ಈ ಸಲದ ಸರದಿ ಸೊಸೆಯದು.

"ಹುಷಾರಿಲ್ಲ ಅಂದ್ಬಿಡು," ಎಂದರು ಅತ್ತೆ.

"ಹುಷಾರಾಗೋ ತನಕ ಕಾಯ್ತಾರೆ."

"ಹಾಗಾದ್ರೆ ಬರಲಿ. ನಾನೇನು ಸತ್ತಿಲ್ಲವಲ್ಲ."

ಅಂದೇ ಇಬ್ಬರೂ ಕೂತು ಗುರುತುಗಳನ್ನು ಗೊತ್ತು ಮಾಡಿಕೊಂಡರು. ಚಹಾ ಸೋಸಿ ಕೊಡುವುದು ಅತ್ತೆಯೇ. ಕಪ್ಪಿನ ಹಿಡಿ ಬಲಕ್ಕಿದ್ದರೆ ಚೊಕ್ಕ, ಎಡಕ್ಕಿದ್ದರೆ ದೋಷ. ಯಾವ ದೋಷ ಎನ್ನುವುದು ಮಾತಿನಲ್ಲಿ. ಅತ್ತೆ ಮಂಡಿ ನೋವು ತೆಗೆದರೆ ಬೂಷ್ಟು. ಮಗನ ಸುದ್ದಿ ತೆಗೆದರೆ ಹೊಗೆ. ನಲ್ಲಿ ನೀರಿನ ದೂರು ಹೇಳಿದರೆ ಮಸಾಲೆ ಹಳತು.

"ಮುದುಕಿಯರು ಮಾತಾಡೋದೇ ಇವು ಮೂರು. ಯಾರಿಗೆ ಅನುಮಾನ ಬರುತ್ತೆ?" ಎಂದರು ಅತ್ತೆ.

ಅತಿಥಿ ಬರುತ್ತಾರೆಂದು ಅತ್ತೆ ಅಡುಗೆಮನೆಯ ಹಲಗೆಗಳನ್ನೆಲ್ಲ ಇಳಿಸಿ, ಸೋಡಾ ನೀರಲ್ಲಿ ಉಜ್ಜಿ ಬಿಸಿಲಿಗಿಟ್ಟರು. ಒಣಗುವ ತನಕ ಡಬ್ಬಿಗಳೆಲ್ಲ ಎರಡು ರಾತ್ರಿ ಅವರ ಟ್ರಂಕಿನಲ್ಲಿದ್ದವು. ಶನಿವಾರ ಎಲ್ಲ ಮತ್ತೆ ಹಲಗೆ ಹತ್ತಿದವು. ಮನೆ ಕನ್ನಡಿಯಂತಿತ್ತು. ಮೂಗು, ನಾಲಿಗೆ ಚೊಕ್ಕವಿರಲಿ ಎಂದು ಆ ದಿನಗಳಲ್ಲಿ ಮನೆಯಲ್ಲಿ ಚಹಾ ಕುದಿಯಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಮೇಷ್ಟ್ರು ಬಂದರು. ಬಡಕಲು ಮನುಷ್ಯ. ಸೋಪಿನ ವಾಸನೆಯೂ ಇಲ್ಲ, ಎಣ್ಣೆಯ ವಾಸನೆಯೂ ಇಲ್ಲ. ಇಷ್ಟು ವಾಸನೆಯಿಲ್ಲದ ಮನುಷ್ಯನನ್ನು ಅತ್ತೆ ನೋಡಿಯೇ ಇರಲಿಲ್ಲ. ಅದೇಕೋ ಅವರಿಗೆ ಭಯವಾಯಿತು.

"ನಾನು ಇಲ್ಲ ಅಂದ್ಕೊಂಡು ಮಾಡು," ಎಂದರು ಮೇಷ್ಟ್ರು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು.

ಸೊಸೆ ನೀರಿಟ್ಟಳು. ತಳದಲ್ಲಿ ಗುಳ್ಳೆ ಎದ್ದು ನೀರು ಮರಳುವ ತನಕ ಕಾದು, ಮೊದಲ ಪೊಟ್ಟಣ ಸುರಿದು, ಮುಚ್ಚಳ ಮುಚ್ಚಿ ಎರಡು ನಿಮಿಷ ಎಣಿಸಿದಳು. ಅತ್ತೆ ಸೋಸಿದರು. ಬಟ್ಟೆಯಲ್ಲಿ ಉಳಿದ ಚರಟದ ಮೇಲೆ ಬಗ್ಗಿ ಒಂದು ಉಸಿರು. ದಾಲ್ಚಿನ್ನಿ, ಶುಂಠಿ, ಒಳ್ಳೆಯ ಎಲೆ. ಹಿಡಿ ಬಲಕ್ಕೆ.

ಸೊಸೆ ಚಮಚದಿಂದ ಸರ್ರೆಂದು ಹೀರಿದಳು, ಬಾಯಲ್ಲಿ ತಿರುಗಿಸಿದಳು, ಉಗುಳಿದಳು. "ಚೊಕ್ಕವಾಗಿದೆ ಸರ್. ಶುಂಠಿ ಒಂದು ಚೂರು ಮುಂದಿದೆ."

ಮೇಷ್ಟ್ರು ತಾವೂ ಹೀರಿ ಪುಸ್ತಕದಲ್ಲಿ ಏನೋ ಬರೆದರು. ತೋರಿಸಲಿಲ್ಲ.

ಎರಡನೆಯದು ಕುದಿಯಿತು. ಅತ್ತೆ ಬಗ್ಗಿ ಮೂಸಿ, ಹಿಡಿಯನ್ನು ಎಡಕ್ಕೆ ತಿರುಗಿಸಿ, "ಈ ನಲ್ಲಿ ನೀರಿಗೆ ಏನು ರೋಗ ಬಡಿದಿದೆಯೋ. ಆರಕ್ಕೆ ಬಂದ್ರೆ ಏಳಕ್ಕೆ ಇಲ್ಲ," ಎಂದರು.

ಸೊಸೆ ಹೀರಿ, ತುಟಿ ತೆರೆದು ಉಸಿರೆಳೆದುಕೊಂಡಳು. ತಣ್ಣಗೆನಿಸಬೇಕಾದಲ್ಲಿ ಏನೂ ಆಗಲಿಲ್ಲ. "ಏಲಕ್ಕಿ ಹಳೇದು ಸರ್. ಸಿಪ್ಪೆ ಇದೆ, ಜೀವ ಇಲ್ಲ."

ಮೇಷ್ಟ್ರ ಹುಬ್ಬು ಕೊಂಚ ಏರಿತು. ಮತ್ತೆ ಬರೆದರು. ಮೂರನೆಯದಕ್ಕೆ ನೀರು ಕಾಯುತ್ತಿರುವಾಗ ಮರ್ಯಾದೆಗೆ ಮಾತು ತೆಗೆದರು.

"ನಿಂತೇ ಇದ್ದೀರಲ್ಲಮ್ಮ. ಮಂಡಿ ನೋವು ಹೇಗಿದೆ? ಇವಳು ಹೇಳ್ತಾ ಇರ್ತಾಳೆ."

ಸೊಸೆಯ ಕೈಯಲ್ಲಿದ್ದ ಪೊಟ್ಟಣ ಅರ್ಧಕ್ಕೆ ನಿಂತಿತು. ಮಂಡಿ ಎಂದರೆ ಬೂಷ್ಟು. ಅತ್ತೆಯೋ, ಹತ್ತು ವರ್ಷದಿಂದ ಯಾರಾದರೂ ಈ ಪ್ರಶ್ನೆ ಕೇಳಿದರೆ ಸಾಕೆಂದು ಕಾದು, ಕೇಳಿದವರನ್ನು ಅರ್ಧ ಗಂಟೆ ಬಿಡದ ಹೆಂಗಸು.

"ಮಂಡಿಗೇನಾಗಿದೆ ಸಾರ್. ಕುದುರೆ ಹಾಗೆ ಓಡಾಡ್ತೀನಿ."

"ಹೌದಾ. ಇವಳು ಮೆಟ್ಟಿಲು ಹತ್ತೋಕಾಗಲ್ಲ ಅಂದಿದ್ದಳು."

"ಸೊಸೆ ಹೇಳಿದ್ದನ್ನೆಲ್ಲ ನಂಬ್ತೀರಾ? ಅತ್ತೆ ಯಾವಾಗ ಮಲಗ್ತಾಳೆ ಅಂತ ಕಾಯೋರು ಅವರು."

ಮೇಷ್ಟ್ರು ನಕ್ಕರು. ಸೊಸೆಯೂ ನಕ್ಕಳು, ಅಳುವ ಹಾಗೆ. ಮೂರನೆಯದು ಕುದಿಯಿತು. ಮುಚ್ಚಳ ತೆಗೆದ ಕೂಡಲೇ ಅತ್ತೆಗೆ ಗೊತ್ತಾಯಿತು. ಲವಂಗದ ಹಿಂದೆ ಅವಿತುಕೊಂಡಿತ್ತು, ಸುಟ್ಟ ಸೌದೆ. ಹಿಡಿ ಎಡಕ್ಕೆ.

"ಮಗ ಫೋನ್ ಮಾಡಿ ನಾಲ್ಕು ದಿನ ಆಯ್ತು ನೋಡಿ. ಹೆತ್ತವಳು ಇದ್ದಾಳೋ ಸತ್ತಳೋ ಅಂತ ಬೇಡ್ವಾ?"

"ಎಲೆ ಒಣಗಿಸೋವಾಗ ಹೊಗೆ ತಾಗಿದೆ ಸರ್," ಎಂದಳು ಸೊಸೆ. "ಲವಂಗ ಹಾಕಿ ಮುಚ್ಚಿದ್ದಾರೆ."

ಮೇಷ್ಟ್ರು ಪುಸ್ತಕ ಮಡಚಿ ಜೇಬಿಗಿಟ್ಟರು. "ಬೇಕಂತಲೇ ಹೊಗೆ ಎಲೆ ಸೇರಿಸಿದ್ದೆ. ಕಂಪನಿಯಲ್ಲಿ ಇಬ್ಬರು ಇದನ್ನ ಪಾಸು ಮಾಡಿದ್ರು. ಇನ್ನು ನನ್ನ ಕುರ್ಚಿಗೆ ಬೇರೆಯವರನ್ನ ಹುಡುಕೋ ತಾಪತ್ರಯ ಇಲ್ಲ."

ಸೊಸೆ ಗೋಡೆಗೆ ಒರಗಿದಳು. ಅತ್ತೆಗೆ ಇಲ್ಲೇ ನಿಂತರೆ ಮುಖವೇ ಎಲ್ಲ ಹೇಳಿಬಿಡುತ್ತದೆ ಎನಿಸಿ, ಒಣಗಿದ ಬಟ್ಟೆ ತರುವ ನೆಪದಲ್ಲಿ ಮಾಳಿಗೆ ಹತ್ತಿದರು. ಒಂದೊಂದೇ ಮೆಟ್ಟಿಲಿಗೆ ಮಂಡಿ ಚೀರಿತು. ಮೇಲೆ ಹೋಗಿ ಬಟ್ಟೆ ಮಡಚುತ್ತ, ಯಾರೂ ಇಲ್ಲದಲ್ಲಿ ಒಬ್ಬರೇ ನಕ್ಕರು. ಮೂವತ್ತು ವರ್ಷದಲ್ಲಿ ಒಬ್ಬ ಡಾಕ್ಟರೂ ಅವರ ಮೂಗಿಗೆ ಕುರ್ಚಿ ಕೊಟ್ಟಿರಲಿಲ್ಲ.

ಇಳಿಯುವಾಗ ಅರ್ಧ ಮೆಟ್ಟಿಲಲ್ಲಿ ಆ ವಾಸನೆ ಬಂತು.

ಮೊದಲು ತಮ್ಮ ಕೈಯ ಬಟ್ಟೆಯನ್ನೇ ಮೂಸಿಕೊಂಡರು. ಅದಲ್ಲ. ವಾಸನೆ ಅಡುಗೆಮನೆಯಿಂದ ಬರುತ್ತಿತ್ತು, ಬಿಸಿ ಆವಿಯ ಮೇಲೆ ಕೂತು. ಡಾಂಬರ್ ಗುಳಿಗೆ. ಒಳ್ಳೆಯ ಬಟ್ಟೆಗೆ ಹುಳ ಹಿಡಿಯದಿರಲಿ ಎಂದು ಟ್ರಂಕಿನ ನಾಲ್ಕೂ ಮೂಲೆಗೆ ಅವರೇ ಇಟ್ಟಿದ್ದು. ಚಹಾ ಎಲೆ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರುತ್ತದೆ ಎಂದು ಸೊಸೆ ಸಾವಿರ ಸಲ ಹೇಳಿದ್ದಳು. ಮನೆಯ ಚಹಾ ಡಬ್ಬಿಯ ಮುಚ್ಚಳ ಸಡಿಲವೆಂದೂ ಗೊತ್ತಿತ್ತು. ಶನಿವಾರ ಟ್ರಂಕಿನೊಳಗೆ ತಲೆ ಹಾಕಿ ಅರ್ಧ ಗಂಟೆ ಡಬ್ಬಿಗಳನ್ನು ತೆಗೆದ ಮೂಗಿಗೆ ಅದು ವಾಸನೆಯೆಂದೇ ಅನಿಸಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದರು. ಮೇಷ್ಟ್ರು ಮತ್ತು ಸೊಸೆ ಎದುರುಬದುರು ಕೂತಿದ್ದರು.

"ಬನ್ನಿ ಅತ್ತೆ," ಎಂದಳು ಸೊಸೆ. ಅವಳ ಮುಖ ಅರಳಿತ್ತು. "ಉಗುಳಿ ಉಗುಳಿ ಸಾಕಾಯ್ತಂತೆ ಸರ್‌ಗೆ. ನುಂಗೋಕೆ ಒಂದು ಚಹಾ ಮಾಡು, ಕಂಪನಿದು ಬೇಡ, ಮನೇದು ಅಂದ್ರು. ಲವಂಗ, ಮೆಣಸು ಜಜ್ಜಿ ಹಾಕ್ದೆ."

ಅವಳ ಕಪ್ಪು ಮುಕ್ಕಾಲು ಖಾಲಿಯಾಗಿತ್ತು. ಮೇಷ್ಟ್ರ ಕಪ್ಪು ತುಂಬಿತ್ತು, ತುಟಿಯ ಗುರುತೂ ಇರಲಿಲ್ಲ. ಅವರು ಚಹಾ ನೋಡುತ್ತಿರಲಿಲ್ಲ, ಸೊಸೆಯ ಗಂಟಲು ನೋಡುತ್ತಿದ್ದರು.

"ಪರಿಮಳ ಹೇಗಿದೆ?" ಎಂದು ಕೇಳಿದರು, ಮೆತ್ತಗೆ.

"ದಿನಾ ಕುಡಿಯೋದೇ ಸರ್. ಲವಂಗದ್ದು ಮುಂದೆ ಬರುತ್ತೆ, ಹಿಂದೆ ಎಲೆದು." ಸೊಸೆ ಇನ್ನೊಂದು ಗುಟುಕು ನುಂಗಿದಳು. "ಆರೋಗುತ್ತೆ, ತಗೊಳ್ಳಿ."

ಮೇಷ್ಟ್ರು ತಮ್ಮ ಕಪ್ಪನ್ನು ಎತ್ತಿ ಅತ್ತೆಯ ಕಡೆ ಚಾಚಿದರು. "ನೀವು ಕುಡೀರಮ್ಮ. ಕುಡಿದು ಹೇಗಿದೆ ಹೇಳಿ."

ಅತ್ತೆ ಬಟ್ಟೆಯ ಗಂಟನ್ನು ಕೆಳಗಿಟ್ಟರು. ಕೆಟ್ಟಿದೆ ಎಂದರೆ ಸೊಸೆ ಹೋದಳು. ಚೆನ್ನಾಗಿದೆ ಎಂದರೆ? ಒಂದು ವೇಳೆ ಆತನಿಗೇ ನೆಗಡಿಯಾಗಿದ್ದರೆ? ಮುಳುಗುವವರಿಗೆ ಹುಲ್ಲುಕಡ್ಡಿ. ಕಪ್ಪು ತೆಗೆದುಕೊಂಡು ಒಂದು ಗುಟುಕು ಬಾಯಿಗೆ ಹಾಕಿದರು. ಹಳೇ ಟ್ರಂಕನ್ನು ಕುದಿಸಿ ಸೋಸಿದಂತಿತ್ತು. ನುಂಗಿದರು.

"ಚೆನ್ನಾಗಿದೆ," ಎಂದರು.

"ಬಾಗಿಲಲ್ಲೇ ಉಸಿರು ಬಿಗಿಹಿಡಿದ್ರಲ್ಲ, ಯಾಕೆ?"

ಸೊಸೆ ಒಮ್ಮೆ ಅತ್ತೆಯನ್ನು, ಒಮ್ಮೆ ಮೇಷ್ಟ್ರನ್ನು ನೋಡಿದಳು. ಮುಖ ನಿಧಾನಕ್ಕೆ ಬಿಳಿಚಿತು. ಕಪ್ಪನ್ನು ಮೂಗಿನ ಹತ್ತಿರ ಒಯ್ದಳು. ದೀರ್ಘವಾಗಿ ಎಳೆದಳು. ಮತ್ತೆ ಎಳೆದಳು. ಕೊನೆಗೆ ಕಪ್ಪು ಕೆಳಗಿಟ್ಟು ಕೇಳಿಯೇಬಿಟ್ಟಳು.

"ಇದರಲ್ಲಿ ಏನಿದೆ ಅತ್ತೆ?"

"ಡಾಂಬರ್ ಗುಳಿಗೆ," ಎಂದರು ಅತ್ತೆ. "ನಾನೇ ಡಬ್ಬಿನ ಟ್ರಂಕಲ್ಲಿ ಇಟ್ಟಿದ್ದೆ ಕಣೇ. ಇನ್ನು ಕುಡೀಬೇಡ."

ಮೇಷ್ಟ್ರು ಕೋಪಗೊಳ್ಳಲಿಲ್ಲ. ಕೋಪಗೊಂಡಿದ್ದರೆ ಅತ್ತೆಗೆ ಸುಲಭವಿತ್ತು, ಜಗಳವಾಡುವುದು ಗೊತ್ತಿತ್ತು.

"ಎಷ್ಟು ದಿನ ಆಯ್ತು?"

"ಏಳು ತಿಂಗಳು ಸರ್."

"ಇವರು ನೋಡದೆ ನೀನೊಬ್ಬಳೇ ಸಹಿ ಹಾಕಿದ್ದು ಎಷ್ಟು?"

"ಹನ್ನೆರಡು." ಸೊಸೆಗೆ ಲೆಕ್ಕ ಬಾಯಿಪಾಠವಿತ್ತು. ಎಷ್ಟು ಸಲ ಮಲಗಿ ಎಣಿಸಿದ್ದಳೋ.

"ಉಳಿದಿದ್ದೆಲ್ಲ ನಾನು ನೋಡಿದ್ದು," ಎಂದರು ಅತ್ತೆ. "ಅದರಲ್ಲಿ ಒಂದು ತಪ್ಪಿದ್ರೆ ಮೂಗು ಕುಯ್ಯಿರಿ. ಅವಳ ಮೂಗು ಬೇಡ ಅಂದ್ರೆ ನನ್ನದನ್ನ ಇಟ್ಕೊಳ್ಳಿ ಸಾರ್. ಅವಳ ಜೊತೆ ದಿನಾ ಬರ್ತೀನಿ."

"ನಿಮ್ಮ ಮೂಗು ನನ್ನದಕ್ಕಿಂತ ಚೆನ್ನಾಗಿದೆ ಅಮ್ಮ. ಆದರೆ ಚಹಾ ಪಕ್ಕ ಗುಳಿಗೆ ಇಡೋ ಕೈನ ಗೋದಾಮಿಗೆ ಬಿಟ್ಕೊಳ್ಳೋಕಾಗಲ್ಲ." ಮೇಷ್ಟ್ರು ಎದ್ದರು. ಸೊಸೆಯ ಕಡೆ ತಿರುಗಿ, "ಮೊದಲ ವಾರವೇ ಬಂದು ಹೇಳಿದ್ದರೆ ಬೇರೆ ವಿಭಾಗದಲ್ಲಿ ಒಂದು ಜಾಗ ಕೊಡಿಸ್ತಿದ್ದೆ. ಹನ್ನೆರಡು ಸಹಿ ಆದಮೇಲೆ ಯಾವ ಬಾಯಲ್ಲಿ ಕೇಳಲಿ?" ಎಂದರು. ಬಾಗಿಲ ತನಕ ಹೋಗಿ ಚಪ್ಪಲಿ ಹಾಕಿಕೊಂಡು ಹೊರಟುಹೋದರು.

ಸೊಸೆ ಕೂತಲ್ಲೇ ಕೂತಿದ್ದಳು.

"ಬೈಯಿ," ಎಂದರು ಅತ್ತೆ.

"ಬೈದ್ರೆ ಏನ್ ಬಂತು?"

"ಬೈದ್ಬಿಡೇ. ನನಗೆ ತಡೆಯೋಕಾಗ್ತಿಲ್ಲ."

ಸೊಸೆ ಬೈಯಲಿಲ್ಲ. ಎದ್ದು ಕಪ್ಪುಗಳನ್ನು ತೊಳೆದಳು. ತೊಳೆದ ಕಪ್ಪುಗಳನ್ನು ಒಂದೊಂದಾಗಿ ಅತ್ತೆಯ ಮುಂದೆ ಹಿಡಿದಳು. ಅತ್ತೆ ಮೂಸಿ, ತಲೆಯಾಡಿಸಿ, ಮತ್ತೆ ತೊಳೆಯಲು ಹೇಳಿದರು. ಮೂರು ಸಲ ತೊಳೆದ ಮೇಲೆ ವಾಸನೆ ಬಿಟ್ಟಿತು.

ಆ ವಾರ ಕಂಪನಿಯವರು ಹನ್ನೆರಡು ಸಹಿಯ ಮಾಲನ್ನೂ ತೆರೆಸಿದರು. ಒಂಬತ್ತು ಸರಿಯಿದ್ದವು. ಎರಡಕ್ಕೆ ಬೂಷ್ಟು ಹಿಡಿದಿತ್ತು, ಒಂದಕ್ಕೆ ಎಣ್ಣೆ ತಾಗಿತ್ತು, ಅದು ಆಗಲೇ ಅಂಗಡಿ ಸೇರಿತ್ತು. ಒಟ್ಟು ಹೋದದ್ದು: ಗುಂಡಿ ತೋಡಿ ಹೂತ ಇಪ್ಪತ್ತಾರು ಚೀಲ ಚಹಾ, ಅಂಗಡಿಗಳಿಂದ ವಾಪಸು ತರಿಸಿದ ನಾನೂರ ಹತ್ತು ಪೊಟ್ಟಣ, ಹದಿಮೂರು ವರ್ಷದ ಒಂದು ಕೆಲಸ.